ಕಲ್ಯಾಣದ ಅಳಿವು ಮತ್ತು ಕೈಲಾಸದ ನಂಬುಗೆ

ಒಂದು ಲೋಕವ್ಯವಸ್ಥೆಯು ಕಣ್ಣೆದುರಿಗೇ ಕುಸಿದು ಬೀಳುವಾಗ ಅದರಲ್ಲಿ ಬಾಳಿದವರು ಆ ಅಳಿವನ್ನು ಯಾವ ನಂಬುಗೆಯಿಂದ ತಾಳಿಕೊಳ್ಳುತ್ತಾರೆಂಬುದು ಎಲ್ಲ ಧರ್ಮಗಳ ಇತಿಹಾಸದಲ್ಲಿಯೂ ಎದುರಾಗುವ ಪ್ರಶ್ನೆ. ಇಹವು ಹೋದರೆ ಹೋಗಲಿ, ಪರವು ಉಳಿದಿದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ. ಕಲ್ಯಾಣದ ಅಳಿವನ್ನು ಕುರಿತು ಪುರಾಣಪ್ರವಚನಗಳು ನಡೆಯುವಾಗ ನಮ್ಮಲ್ಲಿಯೂ ಇದೇ ಉತ್ತರವನ್ನು ಕೇಳುತ್ತೇವೆ. ವಚನಗಳ ಉತ್ತರವೂ ಅದೇ ಆಗಿದೆಯೇ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಪರಲೋಕದ ನಂಬುಗೆಯ ಬಲದಿಂದ ನಾಗರಿಕತೆಯೊಂದರ ಅಳಿವನ್ನು ಒಪ್ಪಿಕೊಂಡ ಪ್ರಸಿದ್ಧ ನಿದರ್ಶನವು ಪಶ್ಚಿಮದಲ್ಲಿದೆ. 410ರ ಆಗಸ್ಟ್ ತಿಂಗಳಲ್ಲಿ ಅಲಾರಿಕನ ಗಾಥ್ ಸೈನ್ಯವು ರೋಮ್ ನಗರವನ್ನು ಹೊಕ್ಕು ಮೂರು ದಿನ ಸೂರೆಮಾಡಿತು. ಹಳೆಯ ದೇವತೆಗಳನ್ನು ತೊರೆದುದೇ ಇದಕ್ಕೆ ಕಾರಣವೆಂಬ ದೂರು ಕ್ರೈಸ್ತರ ಮೇಲೆ ಬಂದಿತು. ಉತ್ತರ ಆಫ್ರಿಕದ ಹಿಪ್ಪೋ ಎಂಬಲ್ಲಿ ಬಿಷಪ್ಪರಾಗಿದ್ದ ಸಂತ ಅಗಸ್ಟೀನರು 413ರಿಂದ 426ರವರೆಗೆ ‘ದೇವನಗರ’ವೆಂಬ 22 ಭಾಗಗಳ ಗ್ರಂಥವನ್ನು ಬರೆದು ಈ ದೂರಿಗೆ ಉತ್ತರವಿತ್ತರು. ಮನುಷ್ಯರ ನಗರಗಳು ಅಳಿಯತಕ್ಕವು. ಭಕ್ತನು ಇಲ್ಲಿ ಪಯಣಿಗನು ಮಾತ್ರ. ಅವನ ನಿಜವಾದ ಊರು ಬೇರೊಂದಿದೆ ಎಂಬುದು ಅದರ ತಿರುಳು. ಹೂಳುವವರಿಲ್ಲದೆ ಬಿದ್ದ ಹೆಣಗಳಿಗೂ ಅವರು ಸಮಾಧಾನ ಹೇಳಿದರು: ಪುನರುತ್ಥಾನವನ್ನು ನಂಬಿದವನಿಗೆ ಗೋರಿಯಿಲ್ಲದುದು ನಷ್ಟವಲ್ಲ. ಈ ನಂಬುಗೆ ಅವರನ್ನು ನಿಷ್ಕ್ರಿಯರನ್ನಾಗಿ ಮಾಡಲಿಲ್ಲವೆಂಬುದನ್ನೂ ಹೇಳಬೇಕು. ವಂಡಾಲರು ಏರಿಬಂದಾಗ, ಜನರು ಊರಿನಲ್ಲಿರುವ ತನಕ ಗುರುಗಳು ಓಡಿಹೋಗಬಾರದೆಂದು ಅವರು ಪತ್ರ ಬರೆದರು. 430ರಲ್ಲಿ ಮುತ್ತಿಗೆಯೊಳಗಿನ ಹಿಪ್ಪೋದಲ್ಲಿಯೇ ತೀರಿಕೊಂಡರು.

ಇನ್ನು ಕಲ್ಯಾಣ. ಕಲಚುರಿ ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನು ವಶಪಡಿಸಿಕೊಂಡುದು, ಶರಣರಾದ ಹರಳಯ್ಯ ಮಧುವರಸರ ಮಕ್ಕಳ ವಿವಾಹ, ಆ ತಂದೆಯರಿಬ್ಬರಿಗೂ ದೊರೆತ ಎಳೆಹೂಟೆಯ ಶಿಕ್ಷೆ, ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದುದು, ಬಿಜ್ಜಳನ ಕೊಲೆ: ಈ ಕಥೆ ವಾಚಕರಿಗೆ ಪರಿಚಿತವಾದುದು. ಬಿಜ್ಜಳನ ಆಳ್ವಿಕೆ ಮುಗಿದುದು 1167–68ರಲ್ಲಿ. ಕಲಚುರಿಗಳ ಆಳ್ವಿಕೆಯೂ ಮುಂದೆ ಎರಡು ದಶಕ ಬಾಳಲಿಲ್ಲ. ನಾಲ್ಕನೆಯ ಸೋಮೇಶ್ವರನು ಮರಳಿ ಪಡೆದ ಚಾಲುಕ್ಯ ರಾಜ್ಯವು ಶತಮಾನ ಮುಗಿಯುವ ಮುನ್ನವೇ ಸೇವುಣ ಹೊಯ್ಸಳರ ಪಾಲಾಯಿತು. ರಾಜ್ಯಗಳು ಹೀಗೆ ಬಂದು ಹೋಗುವುದು ಹೊಸತಲ್ಲ. ಕಾಯಕ ದಾಸೋಹಗಳ ಮೇಲೆ ನಿಂತು, ಸಮಗಾರನನ್ನೂ ಮಂತ್ರಿಯನ್ನೂ ಒಂದೇ ನೆಲೆಯಲ್ಲಿ ಕೂರಿಸಿದ ಬಾಳಿನ ಕ್ರಮವೊಂದು ಚದುರಿಹೋದುದೇ ಕಲ್ಯಾಣದ ನಿಜವಾದ ಅಳಿವು.

ಪುರಾಣಕಾರರು ಈ ಅಳಿವನ್ನು ಕೈಲಾಸದ ಬೆಳಕಿನಲ್ಲಿ ಕಂಡರು. ಹರಿಹರನ ಬಸವರಾಜದೇವರ ರಗಳೆ ಮೊದಲಾಗುವುದೇ ಕೈಲಾಸದಲ್ಲಿ. ವೃಷಭಮುಖನೆಂಬ ಗಣೇಶ್ವರನು ಶಾಪದಿಂದ ಭೂಮಿಗಿಳಿದು ಬಸವನಾಗುತ್ತಾನೆ. ಅವನ ಇತರ ರಗಳೆಗಳ ನಾಯಕರೂ ಕೊನೆಗೆ ಕೈಲಾಸವನ್ನೇ ಸೇರುತ್ತಾರೆ. 1369ರಲ್ಲಿ ಭೀಮಕವಿಯು ಮುಗಿಸಿದ ಬಸವಪುರಾಣದಲ್ಲಿಯೂ ಶರಣರದು ಕಾರಣಿಕ ಜನ್ಮ. ಬಂದ ಕಾರ್ಯ ಮುಗಿಯಿತು, ಮರಳಿ ಹೋದರು ಎಂದಮೇಲೆ ಅಳಬೇಕಾದುದೇನೂ ಉಳಿಯುವುದಿಲ್ಲ. ಊರು ಬಿಟ್ಟು, ಆಪ್ತರನ್ನು ಕಳೆದುಕೊಂಡು, ನೂರಾರು ವರ್ಷ ಚದುರಿ ಬಾಳಿದ ಭಕ್ತಕುಲಕ್ಕೆ ಈ ಕಥೆಗಳು ಕೊಟ್ಟ ಧೈರ್ಯ ಸಾಮಾನ್ಯವಾದುದಲ್ಲ. ಅದನ್ನು ಹಗುರವಾಗಿ ಕಾಣುವುದು ಕೃತಘ್ನತೆಯಾದೀತು.

ಆದರೂ ಇಲ್ಲೊಂದು ತೊಡಕಿದೆ. ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನು, “ಎಲ್ಲವೂ ಶಿವನ ಲೀಲೆಯಾದರೆ ಬಿಜ್ಜಳನದೇನು ತಪ್ಪು ಗುರುಗಳೆ?” ಎಂದು ಕೇಳಿದ್ದನು. ಹುಡುಗನ ಪ್ರಶ್ನೆ ಸರಿಯಾದುದೇ. ಹರಳಯ್ಯನವರು ಕೈಲಾಸದಿಂದ ಬಂದು ಕೈಲಾಸಕ್ಕೆ ಹೋದವರೆಂದಾದರೆ ಅವರನ್ನು ಆನೆಯ ಕಾಲಿಗೆ ಕಟ್ಟಿಸಿದವನು ನಾಟಕದ ಒಬ್ಬ ಪಾತ್ರಧಾರಿಯಷ್ಟೇ ಆಗುತ್ತಾನೆ. ಸಮಾಧಾನವು ದೊರೆಯುತ್ತದೆ, ಆದರೆ ಅನ್ಯಾಯವು ಅನ್ಯಾಯವಾಗಿ ಉಳಿಯುವುದಿಲ್ಲ.

ವಚನಗಳತ್ತ ತಿರುಗಿದರೆ ನಮಗೆ ಬೇರೊಂದು ದನಿ ಕೇಳಿಸುತ್ತದೆ. ಬಸವಣ್ಣನವರು ಸ್ವರ್ಗ ನರಕಗಳನ್ನು ಸತ್ತ ಮೇಲೆ ಸೇರುವ ಊರುಗಳಾಗಿ ಉಳಿಸದೆ ನಮ್ಮ ನಡೆನುಡಿಗಳೊಳಕ್ಕೇ ತಂದರು. ಈ ಲೋಕವನ್ನು ಅವರು ಹೋಲಿಸಿದುದು ನಾಣ್ಯವನ್ನು ಅಚ್ಚೊತ್ತುವ ಠಾವಿಗೆ. ಇಲ್ಲಿ ಚಲಾವಣೆಯಾಗದುದು ಅಲ್ಲಿಯೂ ನಡೆಯದೆಂಬುದು ಅದರ ಭಾವ. ಆಯ್ದಕ್ಕಿ ಲಕ್ಕಮ್ಮನವರಂತೂ ಗಂಡ ಮಾರಯ್ಯನವರ ಮನಸ್ಸು ಕೈಲಾಸದ ಕಡೆಗೆ ವಾಲಿದಾಗ, ಅದೇನು ದುಡಿದವನಿಗೆ ಸಂಜೆ ಎಣಿಸಿಕೊಡುವ ಸಂಬಳವೇ ಎಂಬರ್ಥದಲ್ಲಿ ಕೇಳಿಬಿಡುತ್ತಾರೆ. ಹಿಂದುಮುಂದುಗಳ ಕಲ್ಪನೆಯಿಲ್ಲದೆ ಸಂದಿರುವ ಠಾವೇ ಅವರಿಗೆ ಕೈಲಾಸ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮನೆಯಲ್ಲಿ ಹುಟ್ಟಿದ ಮಾತಿದು.

ಷಟ್ಸ್ಥಲದ ಕೊನೆಯ ಮೆಟ್ಟಿಲಾದ ಐಕ್ಯವನ್ನು ಪರಲೋಕಪ್ರಾಪ್ತಿಯೆಂದು ಬಗೆಯುವ ವಿದ್ಯಾರ್ಥಿಗಳು ಅನೇಕರಿದ್ದಾರೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರೂ ಬದುಕಿರುವ ಅಂಗದಲ್ಲಿ ಸಾಧಿಸಬೇಕಾದ ನಿಲವುಗಳು. ಲಿಂಗದಲ್ಲಿ ಅಂಗವು ಬೆರೆತಮೇಲೆ ಹೋಗುವುದೆಲ್ಲಿಗೆ? ‘ಲಿಂಗೈಕ್ಯ’ವೆಂಬುದು ಇಂದು ಮರಣದ ಗೌರವವಾಚಕವಾಗಿ ಮಾತ್ರ ಉಳಿದಿರುವುದರಿಂದ ಈ ತಪ್ಪು ತಿಳಿವಳಿಕೆ ಬೇರೂರಿದೆ. ಶರಣರು ಸಾವಿಗೆ ಅಂಜಲಿಲ್ಲವೆಂಬುದು ನಿಜ. ಮುಂದೆ ಹೆಚ್ಚಿನದೊಂದು ಕಾದಿದೆಯೆಂಬ ಎಣಿಕೆಯಿಂದ ಬಂದ ಧೈರ್ಯ ಅದಲ್ಲ. ಪಡೆಯಬೇಕಾದುದನ್ನು ಇಲ್ಲಿಯೇ ಪಡೆದವರ ನೆಮ್ಮದಿ.

ಪರದಲ್ಲಿ ಎಲ್ಲವೂ ಭದ್ರವಾಗಿದೆಯೆಂದು ನಂಬಿದವನಿಗೆ ಇಹದಿಂದ ಹೊತ್ತೊಯ್ಯಬೇಕಾದುದು ಹೆಚ್ಚೇನೂ ಇರುವುದಿಲ್ಲ. ಇಲ್ಲಿಯೇ ಪಡೆದವನಿಗಾದರೋ ಪಡೆದುದನ್ನು ಇಲ್ಲಿಯೇ ಉಳಿಸುವ ಹೊಣೆ ಇರುತ್ತದೆ. ಕಲ್ಯಾಣವು ಉರಿಯುವಾಗ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಹೊರಟರೆಂದು ಪರಂಪರೆ ಹೇಳುತ್ತದೆ. ಮಡಿವಾಳ ಮಾಚಿದೇವರು ಬೆನ್ನಟ್ಟಿದ ಸೈನ್ಯವನ್ನು ತಡೆದರು. ಚೆನ್ನಬಸವಣ್ಣನವರೊಡನೆ ಒಂದು ತಂಡವು ಇಂದಿನ ಉತ್ತರ ಕನ್ನಡ ಜಿಲ್ಲೆಯ ಕಾಡಿನೊಳಗಿನ ಉಳವಿಯನ್ನು ಸೇರಿತು. ಪ್ರಾಣವನ್ನೇ ಲೆಕ್ಕಿಸದವರು ಓಲೆಗರಿಗಳನ್ನು ಲೆಕ್ಕಿಸಿದರು.

ಮುಂದಿನ ಕಾಲದಲ್ಲಿ ಹುಟ್ಟಿದ ಕಾಲಜ್ಞಾನ ಸಾಹಿತ್ಯವನ್ನೂ ಇಲ್ಲಿ ನೆನೆಯಬೇಕು. 16ನೆಯ ಶತಮಾನದ ಕೊಡೇಕಲ್ಲ ಬಸವಣ್ಣನವರ ಪರಂಪರೆಯೇ ಮೊದಲಾಗಿ ಅನೇಕರು ಶರಣರು ಮರಳಿ ಬರುವರು, ಕಲ್ಯಾಣವು ಮತ್ತೆ ಕಲ್ಯಾಣವಾಗುವುದು ಎಂದು ನುಡಿದರು. ಇವುಗಳ ಚರಿತ್ರೆ ಗೊಂದಲಮಯವಾದುದು. ಆದರೆ ಇವರ ಆಸೆ ಕೈಲಾಸಕ್ಕೆ ಹೋಗುವುದಲ್ಲ, ಇದೇ ನೆಲಕ್ಕೆ ಮರಳುವುದು ಎಂಬುದು ಗಮನಾರ್ಹ.

ಉಳಿದ ಓಲೆಗಳ ಕಥೆಗೆ ಬರೋಣ. ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ಅವನ್ನು ಹುಡುಕಿ ಜೋಡಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನವರ ಶೂನ್ಯಸಂಪಾದನೆ ಆ 15ನೆಯ ಶತಮಾನದ್ದು. ಅನಂತರ ಕಟ್ಟುಗಳು ಮಠಮನೆಗಳ ಜಗುಲಿಯನ್ನೇರಿದವು. ಫ.ಗು. ಹಳಕಟ್ಟಿಯವರು ಅವನ್ನು ಅರಸಿ ಊರೂರು ತಿರುಗಿದಾಗ ಎಷ್ಟೋ ಮನೆಗಳಲ್ಲಿ ಅವು ವಸ್ತ್ರದಲ್ಲಿ ಸುತ್ತಿಕೊಂಡು, ವಿಭೂತಿ ಪತ್ರಿಗಳ ಕೆಳಗೆ, ಯಾರೂ ಬಿಚ್ಚದೆ ಕುಳಿತಿದ್ದವು. ಪೂಜೆ ಮಾತ್ರ ತಪ್ಪದೆ ನಡೆದಿತ್ತು. ಅವರು ಆ ಗಂಟುಗಳನ್ನು ಬಿಚ್ಚಿಸಿ, ಪ್ರತಿಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚುಮಾಡಿಸಿದರು.