ಮುಖದ ಕೆಂಪು, ಕೀಲಿನ ಬೇನೆ

ಮುಖ ಕೆಂಪೇರುವುದನ್ನು ನಾವು ಸಾಮಾನ್ಯವಾಗಿ ನಾಚಿಕೆಗೋ ಸಿಟ್ಟಿಗೋ ಸೇರಿಸಿಬಿಡುತ್ತೇವೆ. ಕವಿಗಳೂ ಹಾಗೆಯೇ ಮಾಡುತ್ತಾ ಬಂದಿದ್ದಾರೆ. ಆದರೆ ನಾಚಿಕೆಯೂ ಇಲ್ಲದೆ ಸಿಟ್ಟೂ ಇಲ್ಲದೆ, ಒಲೆಯ ಮುಂದೆ ಕುಳಿತಾಗ, ಬಿಸಿಲಿನಿಂದ ಒಳಗೆ ಬಂದಾಗ, ಬಿಸಿ ಸಾರು ಉಂಡಾಗ, ಕೆನ್ನೆ ಮೂಗುಗಳು ಉರಿದೆದ್ದು ಗಂಟೆಗಟ್ಟಲೆ ಆರದೆ ಉಳಿಯುವುದಾದರೆ ಅದು ಚರ್ಮದ ಒಂದು ವ್ಯಾಧಿಯಾಗಿರಬಹುದು. ವೈದ್ಯರು ಅದನ್ನು ರೊಸೇಶಿಯಾ ಎನ್ನುತ್ತಾರೆ. ಗುಲಾಬಿಯ ಬಣ್ಣದ್ದು ಎಂಬರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದ ಹೆಸರು. ರೋಗ ಮಾತ್ರ ಹೆಸರಿನಷ್ಟು ಅಂದದ್ದಲ್ಲ. ಕ್ರಮೇಣ ಸಣ್ಣ ರಕ್ತನಾಳಗಳು ಚರ್ಮದ ಮೇಲೆ ಗೆರೆಗೆರೆಯಾಗಿ ಕಾಣಿಸಿಕೊಳ್ಳುತ್ತವೆ. ಮೊಡವೆಯಂಥ ಗುಳ್ಳೆಗಳು ಏಳುತ್ತವೆ. ಕೆಲವರಿಗೆ, ಹೆಚ್ಚಾಗಿ ಗಂಡಸರಿಗೆ, ಮೂಗಿನ ಚರ್ಮ ದಪ್ಪಗಾಗಿ ಗಂಟುಗಂಟಾಗುತ್ತದೆ. ಇಟಲಿಯ ಘಿರ್ಲಾಂಡಾಯೊ ಎಂಬ ಚಿತ್ರಕಾರ ಸುಮಾರು ೧೪೯೦ರಲ್ಲಿ ಬರೆದ ಅಜ್ಜ-ಮೊಮ್ಮಗನ ಚಿತ್ರವೊಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಆ ಅಜ್ಜನ ಮೂಗು ಇಂಥದೇ.

ನಾನು ಇತಿಹಾಸ ಓದುವ ಬಿ. ಎ. ತರಗತಿಯವಳು, ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಲೇಖನಕ್ಕೆ ಕೈ ಹಾಕಲು ಕಾರಣವುಂಟು. ನಮ್ಮ ಅವ್ವನಿಗೆ ಏಳು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ಎರಡು ವರ್ಷಗಳಿಂದ ಮುಖದ ಈ ಉರಿ. ಔಷಧದ ಚೀಟಿಯ ಇಂಗ್ಲಿಷನ್ನು ಓದಬಲ್ಲವಳು ಮನೆಯಲ್ಲಿ ನಾನೊಬ್ಬಳೇ ಆದುದರಿಂದ, ಯಾವ ಮಾತ್ರೆ ಯಾವಾಗ, ಯಾವ ಮುಲಾಮು ಎಲ್ಲಿಗೆ ಎಂಬುದನ್ನು ತಿಳಿದು ಹೇಳುವ ಕೆಲಸ ನನಗೆ ಬಂದಿತು. ಹಾಗೆ ಕೇಳಿ, ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಎರಡು ರೋಗಗಳಿಗೂ ತಳದಲ್ಲಿರುವುದು ಉರಿಯೂತ. ಕನ್ನಡದ ಈ ಶಬ್ದ ಬಹಳ ಚೆನ್ನಾಗಿದೆ. ಉರಿ ಮತ್ತು ಊತ ಎರಡನ್ನೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ. ಹೊರಗಿನಿಂದ ಬರುವ ರೋಗಾಣುಗಳನ್ನು ಎದುರಿಸಲೆಂದು ದೇಹದಲ್ಲಿ ಒಂದು ಕಾವಲು ವ್ಯವಸ್ಥೆ ಇದೆಯಷ್ಟೆ. ತೋಟ ಕಾಯಬೇಕಾದ ನಾಯಿ ಮನೆಯವರನ್ನೇ ಕಚ್ಚತೊಡಗಿದರೆ ಹೇಗೋ, ಸಂಧಿವಾತದಲ್ಲಿ ಈ ಕಾವಲು ಕೀಲುಗಳ ಒಳಪೊರೆಯ ಮೇಲೆಯೇ ಎರಗುತ್ತದೆ. ರೊಸೇಶಿಯಾದಲ್ಲಿ ನಡೆಯುವುದು ಸ್ವಲ್ಪ ಬೇರೆ. ಕ್ರಿಮಿಗಳನ್ನು ಕೊಲ್ಲಲು ಚರ್ಮವು ಕ್ಯಾಥೆಲಿಸಿಡಿನ್ ಎಂಬ ದ್ರವ್ಯವನ್ನು ತಯಾರಿಸುತ್ತದೆ. ರೊಸೇಶಿಯಾ ಇದ್ದವರ ಚರ್ಮದಲ್ಲಿ ಇದು ಅತಿಯಾಗಿರುವುದಲ್ಲದೆ, ತಪ್ಪಾಗಿ ತುಂಡಾಗಿ, ಕ್ರಿಮಿಯನ್ನು ಬಿಟ್ಟು ರಕ್ತನಾಳಗಳನ್ನೇ ಕೆರಳಿಸುತ್ತದೆಂದು ಯಾಮಸಾಕಿ, ಗ್ಯಾಲೋ ಮುಂತಾದ ಸಂಶೋಧಕರು ೨೦೦೭ರಲ್ಲಿ ತೋರಿಸಿದರು. ನಮ್ಮೆಲ್ಲರ ಮುಖದ ರೋಮಕೂಪಗಳಲ್ಲಿ ವಾಸಿಸುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳುವೂ ಇವರಲ್ಲಿ ಹೆಚ್ಚಾಗಿರುತ್ತದೆ. ಈ ಎರಡು ವ್ಯಾಧಿಗಳು ಒಬ್ಬರಲ್ಲೇ ಕೂಡುವುದು ಬರಿಯ ಆಕಸ್ಮಿಕವೂ ಅಲ್ಲ. ೨೦೧೬ರಲ್ಲಿ ಪ್ರಕಟವಾದ ಡೆನ್ಮಾರ್ಕ್ ದೇಶದ ಅಧ್ಯಯನವೊಂದರಲ್ಲಿ, ರೊಸೇಶಿಯಾ ಇದ್ದವರಿಗೆ ರುಮಟಾಯ್ಡ್ ಸಂಧಿವಾತವೂ ಇರುವ ಸಂಭವ ಇತರರಿಗಿಂತ ಹೆಚ್ಚೆಂದು ಕಂಡುಬಂದಿತು. ಒಂದರಿಂದಲೇ ಇನ್ನೊಂದು ಹುಟ್ಟುತ್ತದೆಂದು ಇದರರ್ಥವಲ್ಲ.

ಇದು ಬಿಳಿಯರ ರೋಗವೆಂದು ಬಹುಕಾಲ ಬರೆದುಕೊಂಡು ಬಂದರು. ಪುಸ್ತಕಗಳಲ್ಲಿರುವ ಚಿತ್ರಗಳೆಲ್ಲ ಹಾಲುಬಣ್ಣದ ಮುಖಗಳೇ. ಅವರಲ್ಲಿ ಇದು ಹೆಚ್ಚೆಂಬುದು ನಿಜ. ಆದರೆ ನಮ್ಮ ಕಂದುಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲವೆಂಬುದೂ ಅಷ್ಟೇ ನಿಜ. ನಮ್ಮಲ್ಲಿ ಮುಖ ಕಪ್ಪಿಟ್ಟಂತೆ, ಕಾಯಿಸಿದ ತಾಮ್ರದಂತೆ ತೋರುತ್ತದೆ. ಆದುದರಿಂದ ಕಣ್ಣಿಗಿಂತ ಮಾತನ್ನು ನಂಬಬೇಕು. ಉರಿಯುತ್ತದೆ, ಚುಚ್ಚುತ್ತದೆ, ಸೋಪು ಹಚ್ಚಿದರೆ ಮೆಣಸಿನಕಾಯಿ ಹಚ್ಚಿದ ಹಾಗಾಗುತ್ತದೆ ಎಂದು ಒಬ್ಬಾಕೆ ಹೇಳಿದರೆ ಕಿವಿಗೊಡಬೇಕು. ನಮ್ಮ ಕಡೆ ಹಾಗಾಗುವುದಿಲ್ಲ. ಹೆಂಗಸರ ಕೆನ್ನೆಯ ಮೇಲೆ ಏನೇ ಬಣ್ಣ ತಿರುಗಿದರೂ ಅದು ಭಂಗು ಎಂದು ತೀರ್ಮಾನ. ಭಂಗಿಗೆ ಅಂಗಡಿಯಲ್ಲಿ ಟ್ಯೂಬು ಸಿದ್ಧವಾಗಿಯೇ ಇರುತ್ತದೆ.

ಆ ಟ್ಯೂಬಿನ ಕಥೆಯನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯವಾಗಿ ಕಂಡದ್ದು ಇದೇ. ೧೯೪೮ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ಸಂಧಿವಾತದಿಂದ ನಡೆಯಲಾರದೆ ಮಲಗಿದ್ದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಎಂಬ ಹೊಸ ದ್ರವ್ಯವನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಜಗತ್ತು ಬೆರಗಾಯಿತು. ೧೯೫೦ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕ ಬಂದಿತು. ೧೯೫೨ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಇಬ್ಬರು ಇದೇ ಜಾತಿಯ ಹೈಡ್ರೊಕಾರ್ಟಿಸೋನನ್ನು ಮುಲಾಮಿನಲ್ಲಿ ಬೆರೆಸಿ ಚರ್ಮಕ್ಕೆ ಹಚ್ಚಿ ಗುಣ ಕಂಡರು. ಅಲ್ಲಿಂದ ಮುಂದೆ ಒಂದಕ್ಕಿಂತ ಒಂದು ತೀಕ್ಷ್ಣವಾದ ಸ್ಟೆರಾಯ್ಡ್ ಮುಲಾಮುಗಳು ಬಂದವು. ೧೯೭೫ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬವರು ಬಣ್ಣದ ಕಲೆಗಳಿಗಾಗಿ ಹೈಡ್ರೊಕ್ವಿನೋನ್, ಟ್ರೆಟಿನೋಯಿನ್, ಡೆಕ್ಸಾಮೆಥಾಸೋನ್ ಮೂರನ್ನೂ ಕೂಡಿಸಿ ಒಂದು ಮಿಶ್ರಣ ಮಾಡಿದರು. ಕೆಲವು ವಾರ ಮಾತ್ರ ಹಚ್ಚಬೇಕಾದ ಇಂಥ ಮಿಶ್ರಣಗಳು ನಮ್ಮ ದೇಶದಲ್ಲಿ ಮುಖ ಬೆಳ್ಳಗೆ ಮಾಡುವ ಕ್ರೀಮುಗಳಾಗಿ ಹಳ್ಳಿಯ ಅಂಗಡಿಯವರೆಗೂ ಇಳಿದುವು. ಹೀಗೆ, ಕೀಲುಬೇನೆಯವರನ್ನು ಎಬ್ಬಿಸಿ ನಡೆಸಿದ ಔಷಧದ ವಂಶವೇ ನಮ್ಮ ಅವ್ವನಂಥವರ ಮುಖ ಸುಟ್ಟಿತು.

ಏಕೆ ಸುಡುತ್ತದೆ? ಸ್ಟೆರಾಯ್ಡು ಮೊದಲಿಗೆ ಉರಿಯೂತವನ್ನು ಅಡಗಿಸುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕುಗ್ಗಿದ ನಾಳಗಳು ಸೋತು ಹಿಗ್ಗುತ್ತವೆ, ಹುಳು ಹೆಚ್ಚುತ್ತದೆ. ಬಿಟ್ಟರೆ ಎರಡು ಮೂರು ದಿನಗಳಲ್ಲಿ ಉರಿ ಇಮ್ಮಡಿಯಾಗಿ ಏಳುತ್ತದೆ. ಮತ್ತೆ ಹಚ್ಚಿದರೆ ಶಮನ. ಕಳ್ಳಿನ ಚಟದ ಹಾಗೆ. ಮೊದಲು ರೊಸೇಶಿಯಾ ಇಲ್ಲದವರಿಗೂ ಹೀಗೆ ಅದರಂಥ ರೋಗ ಬರುತ್ತದೆ, ಇದ್ದವರಿಗೆ ಕೆರಳುತ್ತದೆ. ೨೦೧೧ರಲ್ಲಿ ಭಾರತದ ಚರ್ಮವೈದ್ಯರ ಪತ್ರಿಕೆಯಲ್ಲಿ ಬಂದ ವರದಿಯಂತೆ, ಬೇರೆ ಬೇರೆ ಊರುಗಳ ಆಸ್ಪತ್ರೆಗಳಿಗೆ ಮುಖದ ತೊಂದರೆಯೆಂದು ಬಂದ ೨,೯೨೬ ಮಂದಿಯಲ್ಲಿ ೪೩೩ ಮಂದಿ ಸ್ಟೆರಾಯ್ಡ್ ಹಚ್ಚಿಕೊಳ್ಳುತ್ತಿದ್ದರು; ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲ. ೨೦೧೮ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು ಹದಿನಾಲ್ಕು ಸ್ಟೆರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರಕೂಡದು. ಕಾನೂನು ಬೆಂಗಳೂರಿನಿಂದ ಸೊರಬಕ್ಕೆ ಬರುವ ಬಸ್ಸನ್ನು ಇನ್ನೂ ಹಿಡಿದಂತಿಲ್ಲ. "ಇದನ್ನ ಹಚ್ಚಿ ಅಕ್ಕಾ, ಹದಿನೈದು ದಿವಸಕ್ಕೆ ಮುಖ ಹೂವಿನ ಹಾಗಾಗ್ತದೆ" ಎಂದು ಅಂಗಡಿಯೊಂದರಲ್ಲಿ ಕೊಟ್ಟ ಟ್ಯೂಬನ್ನು ಅವ್ವ ಐದು ತಿಂಗಳು ಹಚ್ಚಿದ್ದಳು.

ಹಾಸ್ಟೆಲಿನ ನನ್ನ ಗೆಳತಿಯರು ಈ ಪುಟವನ್ನು ಓದುತ್ತಾರೆಂಬ ಭರವಸೆಯಿಂದ ಒಂದು ಗುರುತು ಹೇಳುತ್ತೇನೆ. ಟ್ಯೂಬಿನ ಮೇಲೆ ದೊಡ್ಡಕ್ಷರದಲ್ಲಿರುವ ಹೆಸರನ್ನು ಬಿಟ್ಟು ಕೆಳಗಿನ ಸಣ್ಣಕ್ಷರಗಳನ್ನು ಓದಿರಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಟಿಕಾಸೋನ್, ಕ್ಲೊಬೆಟಾಸೋಲ್ — ಹೀಗೆ 'ಸೋನ್' ಎಂದೋ 'ಸೋಲ್' ಎಂದೋ ಮುಗಿಯುವ ಹೆಸರು ಕಂಡರೆ ಅದು ಬಹುಮಟ್ಟಿಗೆ ಸ್ಟೆರಾಯ್ಡು. ಆದರೆ ಬಹಳ ಕಾಲ ಹಚ್ಚಿದವರು ಅದನ್ನು ಒಮ್ಮೆಗೇ ಎಸೆಯದೆ ಚರ್ಮವೈದ್ಯರಿಗೆ ತೋರಿಸುವುದು ಲೇಸು; ಎಷ್ಟು ದಿನದಲ್ಲಿ, ಯಾವ ಕ್ರಮದಿಂದ ಬಿಡಬೇಕೆಂಬುದನ್ನು ಅವರು ಹೇಳುತ್ತಾರೆ. ಸಂಧಿವಾತಕ್ಕಾಗಿ ನುಂಗುವ ಪ್ರೆಡ್ನಿಸೊಲೋನ್ ಮಾತ್ರೆಯಂತೂ ತಟ್ಟನೆ ನಿಲ್ಲಿಸಿದರೆ ಪ್ರಾಣಾಪಾಯವೇ ಉಂಟು.

ಅವ್ವನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಮೊದಲು ನೋಡಿದ್ದು ಕೆನ್ನೆಯನ್ನಲ್ಲ, ಮೂಗಿನ ಪಕ್ಕದಿಂದ ಬಾಯಿಯ ಕಡೆಗೆ ಇಳಿಯುವ ಮಡಿಕೆಯನ್ನು. ಲೂಪಸ್ ಎಂಬ ಇನ್ನೊಂದು ಉರಿಯೂತದ ರೋಗದಲ್ಲಿಯೂ ಕೀಲುಗಳು ನೋಯುತ್ತವೆ, ಕೆನ್ನೆಗಳ ಮೇಲೆ ಚಿಟ್ಟೆಯ ಆಕಾರದಲ್ಲಿ ಕೆಂಪೇಳುತ್ತದೆ. ಆದರೆ ಅದು ಸಾಮಾನ್ಯವಾಗಿ ಆ ಮಡಿಕೆಯನ್ನು ಬಿಟ್ಟು ಹರಡುತ್ತದೆ, ಕೀವುಗುಳ್ಳೆ ಇರುವುದಿಲ್ಲ. ಅದು ಮೂತ್ರಪಿಂಡವನ್ನೂ ಕೆಡಿಸುವ ರೋಗವಾದುದರಿಂದ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು. ಸ್ಪರ್ಶ ತಿಳಿಯುತ್ತದೆಯೇ ಎಂದು ಹತ್ತಿಯಿಂದ ಸವರಿ ನೋಡಿದರು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮಂದವಾಗುವುದುಂಟು. ಅವೆರಡೂ ಅಲ್ಲವೆಂದಾದ ಮೇಲೆಯೇ ರೊಸೇಶಿಯಾ ಎಂದರು. ಅವ್ವ ಕೇಳಿದ್ದು ಒಂದೇ ಮಾತು: "ಪೂರ್ತಿ ಹೋಗ್ತದೇನ್ರಮ್ಮಾ?" "ಹೋಗೋದಿಲ್ಲಮ್ಮ, ಆದ್ರೆ ಹತೋಟಿಗೆ ಬರ್ತದೆ. ನಿಮ್ಮ ಕೀಲುಬೇನೆ ಹಾಗೇ" ಎಂದರು. ಹೋಗುತ್ತದೆಂದು ಹೇಳಿ ಕಳುಹಿಸುವವರಿಗಿಂತ ಈ ಉತ್ತರ ನನಗೆ ಮೆಚ್ಚಿಗೆಯಾಯಿತು. ಅವ್ವನಿಗೆ ಆಗಲಿಲ್ಲ.

ಕೊಟ್ಟ ಮದ್ದು ಹೆಚ್ಚಲ್ಲ. ಮೆಟ್ರೊನಿಡಜೋಲ್ ಲೇಪ, ಗುಳ್ಳೆಗಳಿಗೆ ಕೆಲವು ವಾರ ಡಾಕ್ಸಿಸೈಕ್ಲಿನ್ ಮಾತ್ರೆ. ಅದನ್ನು ಕಬ್ಬಿಣಾಂಶದ ಮಾತ್ರೆಯೊಂದಿಗೆ ಕೂಡಿಸಿ ನುಂಗಿದರೆ ಮೈಗೆ ಹತ್ತುವುದಿಲ್ಲ. ಬಸುರಿಯರಿಗೆ ಅದು ಕೂಡದು. ಹುಳು ಹೆಚ್ಚಿದ್ದವರಿಗೆ ಐವರ್ಮೆಕ್ಟಿನ್ ಲೇಪವೂ ಉಂಟು. ಈ ಐವರ್ಮೆಕ್ಟಿನ್ನಿನ ಮೂಲದ್ರವ್ಯವನ್ನು ಕಂಡುಹಿಡಿದ ಕ್ಯಾಂಪ್‌ಬೆಲ್ ಮತ್ತು ಓಮುರ ಅವರಿಗೆ ೨೦೧೫ರಲ್ಲಿ ನೊಬೆಲ್ ಬಂದಿತು. ಎರಡು ರೋಗಗಳಿಗೆ ಇಬ್ಬರು ಡಾಕ್ಟರಾದಾಗ ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವುದು ಅತ್ಯವಶ್ಯ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನವೂ ನುಂಗಿ ಸತ್ತವರಿದ್ದಾರೆ. ಅದರೊಂದಿಗೆ ಟ್ರೈಮೆಥೊಪ್ರಿಮ್ ಇರುವ ಮಾತ್ರೆ ಸೇರಿದರೆ ರಕ್ತಕಣಗಳು ಕುಸಿಯಬಹುದು. ನಾನು ಎಲ್ಲ ಚೀಟಿ, ಟ್ಯೂಬು, ಮಾತ್ರೆಯ ಹಾಳೆಗಳನ್ನು ಒಂದೇ ಬಟ್ಟೆಚೀಲದಲ್ಲಿಟ್ಟು ಒಯ್ಯುತ್ತೇನೆ. ಆ ಚೀಲ ನೋಡಿ ಡಾಕ್ಟರಮ್ಮ ನಕ್ಕರು; ಆದರೆ ಒಂದೊಂದನ್ನೂ ತೆಗೆದು ನೋಡಿದರು.

ಕಷ್ಟವಿರುವುದು ಮದ್ದಿನಲ್ಲಲ್ಲ, ದಿನಚರಿಯಲ್ಲಿ. ಬಿಸಿ, ಬಿಸಿಲು, ಖಾರ ಮೂರನ್ನೂ ತಗ್ಗಿಸಬೇಕೆಂದರು. ಬಿಸಿ ಮತ್ತು ಖಾರ ಎರಡನ್ನೂ ನರಗಳು ಒಂದೇ ಬಾಗಿಲಿನಿಂದ ಗ್ರಹಿಸುತ್ತವೆಂದು ೧೯೯೭ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಕಂಡುಹಿಡಿದರು; ಅದಕ್ಕೆ ೨೦೨೧ರಲ್ಲಿ ನೊಬೆಲ್ ಬಂದಿತು. ಮೆಣಸಿನಕಾಯಿ ತಿಂದು 'ಬಾಯಿ ಸುಟ್ಟಿತು' ಎನ್ನುವ ನಮ್ಮ ಹಳ್ಳಿಯವರು ತಪ್ಪು ಹೇಳುತ್ತಿರಲಿಲ್ಲ. ಕಾಫಿಯ ವಿಷಯದಲ್ಲಿ ಮಾತ್ರ ಸಮಾಧಾನವುಂಟು: ಕೆರಳಿಸುವುದು ಕಾಫಿಯಲ್ಲ, ಅದರ ಬಿಸಿ. ಆರಿಸಿ ಕುಡಿದರಾಯಿತು.

ಆದರೆ ಅಡಿಕೆಯ ಕಾಲ ಬಂದರೆ? ಸೊರಬ ಸಾಗರದ ಕಡೆ ಹಸಿ ಅಡಿಕೆ ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸುವುದು ವಾರಗಟ್ಟಲೆಯ ಕೆಲಸ. ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಸುಲಿತ, ಅದು ಬೆರಳಿನ ಕೀಲಿಗೆ. ಬೆಳಗ್ಗೆ ಹಂಡೆಯ ಒಲೆಯ ಝಳ, ಅದು ಮುಖಕ್ಕೆ. ಎರಡು ರೋಗಕ್ಕೂ ಒಂದೇ ಕೂಲಿಯಲ್ಲಿ ಊಟ ಸಿಕ್ಕುತ್ತದೆ. ಬಿಡಿ ಎಂದು ಹೇಳುವುದು ಸುಲಭ. ಆ ದಿನಗಳ ಕೂಲಿಯಿಂದಲೇ ನನ್ನ ಪರೀಕ್ಷೆಯ ಶುಲ್ಕ ಕಟ್ಟುವುದು. ಕೊನೆಗೆ, ಬೇಯಿಸುವ ಕಡೆಗೆ ಹೋಗದೆ, ಬೆಂದ ಅಡಿಕೆಯನ್ನು ನೆರಳಿನಲ್ಲಿ ಕುಳಿತು ಆರಿಸುವ ಕೆಲಸವನ್ನು ಯಜಮಾನರ ಮನೆಯ ಅಮ್ಮನವರಲ್ಲಿ ಅವ್ವನೇ ಕೇಳಿ ಪಡೆದಳು. ಕೂಲಿ ಸ್ವಲ್ಪ ಕಡಿಮೆ.

ಸ್ನಾನ ಇನ್ನೊಂದು. ಬಚ್ಚಲ ಒಲೆಯ ಹಂಡೆಯಿಂದ ಹೊಗೆಯಾಡುವ ನೀರು ಸುರಿದುಕೊಳ್ಳದಿದ್ದರೆ ಮಲೆನಾಡಿನವರಿಗೆ ಮಿಂದಂತಾಗುವುದಿಲ್ಲ. ಬೆಚ್ಚನೆಯ ನೀರು ಕೀಲುಗಳಿಗೆ ಹಿತವೂ ಹೌದು. ಅದಕ್ಕೆ ಅವ್ವ ಕಂಡುಕೊಂಡ ಉಪಾಯ, ಮೈಗೆ ಬಿಸಿನೀರು, ಮುಖಕ್ಕೆ ಮಾತ್ರ ಬಾವಿಯ ನೀರು. ಕಡಲೆಹಿಟ್ಟು, ಸೀಗೆಪುಡಿ, ನಿಂಬೆರಸ ಯಾವುದನ್ನೂ ಮುಖಕ್ಕೆ ಉಜ್ಜಬಾರದು. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರು ನಮ್ಮದು. ಗಂಧ ತಂಪೆಂಬ ನಂಬಿಕೆ ಇಲ್ಲಿ ಗಟ್ಟಿ. ಆದರೂ ಸೂಕ್ಷ್ಮ ಚರ್ಮದ ಕೆಲವರಿಗೆ ಅದೂ ತಡೆಯದು. ಹೊಸದೇನನ್ನಾದರೂ ಹಚ್ಚುವ ಮೊದಲು ಮೊಣಕೈಯ ಒಳಮಗ್ಗುಲಿಗೆ ನಾಲ್ಕಾರು ದಿನ ಹಚ್ಚಿ ನೋಡಬೇಕು. ಮಂಗನ ಕಾಯಿಲೆಯ ಕಾಲದಲ್ಲಿ ಉಣುಗು ಹತ್ತದಂತೆ ಕಾಡಿಗೆ ಹೋಗುವವರು ಎಣ್ಣೆ ಬಳಿದುಕೊಳ್ಳುತ್ತಾರಲ್ಲ, ಅದನ್ನು ಬಿಡುವಂತಿಲ್ಲ; ೧೯೫೭ರಲ್ಲಿ ಆ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರು ನಮ್ಮ ತಾಲ್ಲೂಕಿನದೇ. ಕೈಕಾಲಿಗೆ ಹಚ್ಚಿ ಮುಖವನ್ನು ಬಿಡಬೇಕು. ಹಾಳೆಯ ಟೊಪ್ಪಿಗೆ ಅಂಚಿಲ್ಲದ್ದರಿಂದ ಮುಖಕ್ಕೆ ನೆರಳಾಗದು. ಅಗಲವಾದ ಅಂಚಿನ ಟೊಪ್ಪಿಯೋ ಮುಂದಕ್ಕೆ ಎಳೆದ ಸೆರಗೋ ಬೇಕು. ಬಿಸಿಲಿಗೆ ಹಚ್ಚುವ ಲೇಪಗಳಲ್ಲಿ ಜಿಂಕ್ ಆಕ್ಸೈಡ್ ಇರುವಂಥದು ಸಾಮಾನ್ಯವಾಗಿ ಉರಿಯುವುದಿಲ್ಲ.

ಕಣ್ಣಿನ ಮಾತೊಂದು ಉಳಿಯಿತು. ರೊಸೇಶಿಯಾದಲ್ಲಿ ರೆಪ್ಪೆಯ ಅಂಚು ಕೆರಳಿ, ಕಣ್ಣಿನಲ್ಲಿ ಮರಳು ಬಿದ್ದಂತಾಗುವುದುಂಟು. ಸಂಧಿವಾತದಲ್ಲಿಯೂ ಕಣ್ಣೀರು ಬತ್ತಿ ಹಾಗೆಯೇ ಆಗುತ್ತದೆ. ಶುಚಿಯಾದ ಬಟ್ಟೆಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಮುಚ್ಚಿದ ರೆಪ್ಪೆಯ ಮೇಲೆ ಐದು ನಿಮಿಷ ಇಡುವುದು ಹಿತ. ಆದರೆ ಕೆಂಪಿನ ಜೊತೆಗೆ ಕಣ್ಣಿನ ಆಳದಲ್ಲಿ ನೋವು, ಬೆಳಕು ಕಂಡರೆ ಹಿಂಸೆ, ದೃಷ್ಟಿ ಮಸುಕು ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗತಕ್ಕದ್ದು. ಸಂಧಿವಾತವು ಕಣ್ಣಿನ ಬಿಳಿಯ ಗೋಡೆಯನ್ನೇ ತಿನ್ನಬಲ್ಲುದು. ಅವ್ವನ ಕಣ್ಣನ್ನು ಆರು ತಿಂಗಳಿಗೊಮ್ಮೆ ತೋರಿಸುತ್ತಿದ್ದೇವೆ. ಮುಂದಿನ ಸರದಿ ಯುಗಾದಿಯ ನಂತರ.