22 ಗಂಟೆಗಳ ಭಾಷಣ: ಟೆಕ್ಸಾಸಿನ ಶಾಸಕ ಹೆನ್ರಿ ಗೊನ್ಸಾಲೆಸ್

1954ರ ಮೇ ತಿಂಗಳಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಬಿಳಿಯರ ಮಕ್ಕಳಿಗೂ ಕರಿಯರ ಮಕ್ಕಳಿಗೂ ಬೇರೆ ಬೇರೆ ಸರಕಾರಿ ಶಾಲೆಗಳನ್ನು ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಶಾಲೆಯ ಬಾಗಿಲು ಇದರಿಂದ ಒಮ್ಮೆಗೇ ತೆರೆಯಲಿಲ್ಲ. ದಕ್ಷಿಣದ ರಾಜ್ಯಗಳು ತೀರ್ಪನ್ನು ನಿಷ್ಫಲಗೊಳಿಸುವ ಶಾಸನಗಳನ್ನು ರಚಿಸತೊಡಗಿದವು. 1957ರಲ್ಲಿ ಟೆಕ್ಸಾಸ್ ಶಾಸನಸಭೆಯ ಮುಂದೆ ಇಂತಹ 10 ಮಸೂದೆಗಳಿದ್ದವು. ಅವುಗಳಿಗೆ ಎದುರಾಗಿ ನಿಂತವರಲ್ಲಿ ಹೆನ್ರಿ ಬಿ. ಗೊನ್ಸಾಲೆಸ್ ಅಗ್ರಗಣ್ಯರು.

ಗೊನ್ಸಾಲೆಸ್ ಅವರು 1916ರಲ್ಲಿ ಸ್ಯಾನ್ ಆಂಟೋನಿಯೋ ನಗರದಲ್ಲಿ, ಮೆಕ್ಸಿಕೋದಿಂದ ವಲಸೆ ಬಂದ ದಂಪತಿಗಳಿಗೆ ಜನಿಸಿದರು. ಟೆಕ್ಸಾಸಿನಲ್ಲಿ ಮೆಕ್ಸಿಕನ್ ವಂಶದವರ ಸ್ಥಿತಿ ವಿಚಿತ್ರವಾದುದು. ಕಾನೂನಿನ ಲೆಕ್ಕದಲ್ಲಿ ಅವರು ಬಿಳಿಯರು; ವ್ಯವಹಾರದಲ್ಲಿ ಮಾತ್ರ ಅನೇಕ ಊರುಗಳಲ್ಲಿ ಅವರ ಮಕ್ಕಳಿಗೂ ಪ್ರತ್ಯೇಕ ಶಾಲೆ. ಕಾನೂನು ವ್ಯಾಸಂಗ ಮುಗಿಸಿದ ಗೊನ್ಸಾಲೆಸ್ 1953ರಲ್ಲಿ ನಗರಸಭೆಗೆ ಆಯ್ಕೆಯಾದರು. ನಗರದ ಈಜುಕೊಳ ಮೊದಲಾದ ಸಾರ್ವಜನಿಕ ಸೌಕರ್ಯಗಳಲ್ಲಿನ ವರ್ಣಭೇದವನ್ನು 1956ರಲ್ಲಿ ತೆಗೆದುಹಾಕಿಸುವಲ್ಲಿ ಅವರ ಪಾತ್ರ ದೊಡ್ಡದು. ಅದೇ ವರ್ಷ ಅವರು ರಾಜ್ಯದ ಸೆನೆಟ್ ಸಭೆಗೆ ಚುನಾಯಿತರಾದರು. ಮೆಕ್ಸಿಕನ್ ವಂಶದ ಒಬ್ಬರು ಆ ಸಭೆಯನ್ನು ಪ್ರವೇಶಿಸಿದ್ದು ನೂರು ವರ್ಷಗಳಿಗೂ ಹೆಚ್ಚು ಕಾಲದ ಅನಂತರ.

ಆ ಮಸೂದೆಗಳಲ್ಲಿ ಒಂದನ್ನಾದರೂ ಅಧ್ಯಾಪಕರು ವಿವರವಾಗಿ ತಿಳಿಯುವುದು ಉಚಿತ. ಯಾವ ಮಗು ಯಾವ ಶಾಲೆಗೆ ಸೇರಬೇಕೆಂಬುದನ್ನು ಸ್ಥಳೀಯ ಶಾಲಾ ಮಂಡಲಿ ಒಂದೊಂದು ಮಗುವನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ನಿರ್ಧರಿಸತಕ್ಕದ್ದು. ಮಗುವಿನ ಪೂರ್ವಸಿದ್ಧತೆ, ಮನೋಧರ್ಮ, ಮನೆಯ ವಾತಾವರಣ ಇವುಗಳನ್ನು ಗಮನಿಸತಕ್ಕದ್ದು. ಮೇಲ್ನೋಟಕ್ಕೆ ಇದು ಶಿಕ್ಷಣಶಾಸ್ತ್ರದ ಭಾಷೆಯೇ ಸರಿ. ವರ್ಣವನ್ನು ಆಧಾರವಾಗಿ ಹೇಳುವ ಗೋಜಿಗೆ ಅದು ಹೋಗುವುದಿಲ್ಲ. ಆದರೆ ಬಿಳಿಯರೇ ತುಂಬಿದ ಮಂಡಲಿಯ ಕೈಗೆ ಸಿಕ್ಕಾಗ ಇಂತಹ ನಿಯಮ ಕರಿಯ ಮಗುವನ್ನು ಹಳೆಯ ಶಾಲೆಯಲ್ಲಿಯೇ ಉಳಿಸಲು ಸಾಕಾಗುತ್ತಿತ್ತು. ನಮ್ಮ ವೃತ್ತಿಯ ಪರಿಭಾಷೆಯನ್ನು ಇಷ್ಟು ಜಾಣತನದಿಂದ ದುರುಪಯೋಗಿಸಿದ ಉದಾಹರಣೆಗಳು ವಿರಳ.

ಮತಬಲದಿಂದ ಇದನ್ನು ತಡೆಯುವುದು ಸಾಧ್ಯವಿರಲಿಲ್ಲ. 31 ಸದಸ್ಯರ ಆ ಸಭೆಯಲ್ಲಿ ಗೊನ್ಸಾಲೆಸ್ ಅವರ ನಿಲುವನ್ನು ಬೆಂಬಲಿಸುವವರು ಅಲ್ಪಸಂಖ್ಯೆಯವರು. ಉಳಿದ ಸಾಧನವೆಂದರೆ ‘ಫಿಲಿಬಸ್ಟರ್’, ಅಂದರೆ ದೀರ್ಘಭಾಷಣದಿಂದ ಮತದಾನವನ್ನು ತಡೆಹಿಡಿಯುವುದು. ಭಾಷಣಕ್ಕೆ ನಿಂತ ಸೆನೆಟರನು ಮಾತು ನಿಲ್ಲಿಸುವವರೆಗೆ ಮತಕ್ಕೆ ಹಾಕುವಂತಿಲ್ಲ, ಆತನೂ ಕುಳಿತುಕೊಳ್ಳುವಂತಿಲ್ಲ. ಟೆಕ್ಸಾಸ್ ಶಾಸನಸಭೆಯ ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ ಕೆಲವೇ ತಿಂಗಳು ನಡೆಯುವುದರಿಂದ, ಅಧಿವೇಶನದ ಕೊನೆಯ ವಾರಗಳಲ್ಲಿ ಕಳೆದ ಒಂದೊಂದು ಗಂಟೆಗೂ ಬೆಲೆಯಿದೆ.

ಮೇ ತಿಂಗಳ ಮೊದಲ ದಿನಗಳಲ್ಲಿ ಲರೇಡೊ ಪಟ್ಟಣದ ಸೆನೆಟರ್ ಏಬ್ರಹಾಂ ಕೇಜನ್ ಮತ್ತು ಗೊನ್ಸಾಲೆಸ್ ಇಬ್ಬರೂ ಸೇರಿ ಸುಮಾರು 36 ಗಂಟೆಗಳ ಕಾಲ ಸಭೆಯನ್ನು ತಡೆದರು. ಅದರಲ್ಲಿ ಗೊನ್ಸಾಲೆಸ್ ಒಬ್ಬರದೇ 22 ಗಂಟೆ. ದಿನಕ್ಕೆ ಐದಾರು ಪಾಠ ಮಾಡಿ ಗಂಟಲು ಕಟ್ಟಿಸಿಕೊಳ್ಳುವ ನಾವು ಇದರ ಶ್ರಮವನ್ನು ಊಹಿಸಿಕೊಳ್ಳಬಹುದು.

ಇಷ್ಟಾದರೂ ಆ ಮಸೂದೆ ಅಂಗೀಕಾರವಾಯಿತು. ವರ್ಣಭೇದವನ್ನು ಕೈಬಿಡುವ ಮೊದಲು ಊರಿನ ಮತದಾರರ ಒಪ್ಪಿಗೆ ಪಡೆಯಬೇಕು, ಇಲ್ಲವಾದರೆ ರಾಜ್ಯದ ಅನುದಾನ ನಿಲ್ಲುವುದು ಎಂಬ ಇನ್ನೊಂದು ಮಸೂದೆಯೂ ಶಾಸನವಾಯಿತು. ಅನುದಾನದ ಭಯವು ಶಾಲೆಗಳನ್ನು ಎಷ್ಟು ಬೇಗ ಮಣಿಸಬಲ್ಲುದೆಂಬುದನ್ನು ಆಡಳಿತ ಮಂಡಲಿಯವರಿಗೆ ಹೇಳಬೇಕಾಗಿಲ್ಲ. ಆದರೆ ಉಳಿದ 8 ಮಸೂದೆಗಳು ಶಾಸನವಾಗದೆ ಬಿದ್ದುಹೋದವು. ಸೋತ ಭಾಷಣವೆಂದು ಇದನ್ನು ಕರೆಯುವವರು ಈ ಎಂಟನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

1958ರಲ್ಲಿ ರಾಜ್ಯಪಾಲ ಪದವಿಗಾಗಿ ಸ್ಪರ್ಧಿಸಿ ಗೊನ್ಸಾಲೆಸ್ ಸೋತರು. ಅಲ್ಲಿ ಆ ಹುದ್ದೆ ಜನರಿಂದಲೇ ಚುನಾಯಿತವಾಗುವಂಥದು. 1961ರಲ್ಲಿ ಅವರು ರಾಷ್ಟ್ರದ ಪ್ರತಿನಿಧಿ ಸಭೆಗೆ ಆರಿಸಿ ಬಂದು 1999ರ ಜನವರಿಯವರೆಗೆ ಸದಸ್ಯರಾಗಿದ್ದರು, 2000ದಲ್ಲಿ ನಿಧನರಾದರು. ಅವರು 22 ಗಂಟೆ ನಿಂತು ಮಾತನಾಡಿದ ಟೆಕ್ಸಾಸ್ ಸೆನೆಟಿಗೆ 1966ರ ಚುನಾವಣೆಯಲ್ಲಿ ಬಾರ್ಬರಾ ಜೋರ್ಡನ್ ಆಯ್ಕೆಯಾದರು. ಆ ಸಭೆಯ ಸದಸ್ಯತ್ವ ಪಡೆದ ಮೊದಲ ಕರಿಯ ಮಹಿಳೆ ಆಕೆ.