ಮೂರು ಸೀಮೆಯ ಬೀಜ, ಒಂದು ಘಾಟು

1988ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೊಸ ಬಗೆಯ ಸ್ಪರ್ಧೆಯೊಂದು ನಡೆಯಿತು. ಅಮೆರಿಕದ ‘ಹೈ ಟೈಮ್ಸ್’ ಮಾಸಿಕದ ಸಂಪಾದಕ ಸ್ಟೀವನ್ ಹೇಗರ್ ಅದನ್ನು ಏರ್ಪಡಿಸಿದ್ದರು. ಹೆಸರು ಕ್ಯಾನಬಿಸ್ ಕಪ್. ಡಚ್ ಬೀಜ ಕಂಪನಿಗಳು ತಾವು ಬೆಳೆದ ಗಾಂಜಾ ಹೂವನ್ನು ತಂದಿಟ್ಟವು, ತೀರ್ಪುಗಾರರು ಅಂಕ ಕೊಟ್ಟರು. ಮೊದಲ ಬಹುಮಾನ ಗೆದ್ದ ತಳಿ ‘ಸ್ಕಂಕ್ ನಂಬರ್ 1’. ಸ್ಕಂಕ್ ಎಂಬುದು ಉತ್ತರ ಅಮೆರಿಕದ ಕಪ್ಪು-ಬಿಳಿ ಪಟ್ಟೆಯ ಸಣ್ಣ ಪ್ರಾಣಿ. ಬೆದರಿದಾಗ ಅದು ಬಾಲದ ಬುಡದಿಂದ ಚಿಮ್ಮಿಸುವ ದ್ರವ ಬಟ್ಟೆಗೆ ತಾಗಿದರೆ ನಾತ ದಿನಗಟ್ಟಲೆ ಬಿಡುವುದಿಲ್ಲ. ಗಿಡಕ್ಕೆ ಆ ಹೆಸರು ಅಂಟಿದ್ದು ಘಾಟಿನಿಂದಲೇ.

ಇವತ್ತು ಗಾಂಜಾ ಮಾರಾಟಕ್ಕೆ ಅನುಮತಿಯಿರುವ ನಾಡುಗಳ ಅಂಗಡಿಗಳಲ್ಲಿ ಕಾಣುವ ಎಷ್ಟೋ ತಳಿಗಳ ವಂಶ ಕೆದಕಿದರೆ ಎಲ್ಲೋ ಒಂದು ಕಡೆ ಸ್ಕಂಕ್ ಎದುರಾಗುತ್ತದೆ. ಬ್ರಿಟನ್ನಿನಲ್ಲಂತೂ ತೀಕ್ಷ್ಣ ನಶೆಯ ಗಾಂಜಾಕ್ಕೆಲ್ಲ ಸ್ಕಂಕ್ ಎಂದೇ ಹೆಸರು. ಇಷ್ಟು ಹಬ್ಬಿದ ಗಿಡದ ಹುಟ್ಟು ಮಾತ್ರ ಕಾಗದದ ಮೇಲೆ ಸರಿಯಾಗಿ ದಾಖಲಾಗಿಲ್ಲ. ಬೆಳೆಯುವುದೇ ಅಪರಾಧವಾಗಿದ್ದ ಕಾಲದಲ್ಲಿ ಲೆಕ್ಕ ಬರೆದಿಡುವವರು ಯಾರು? ಉಳಿದಿರುವುದು ತಳಿಗಾರರ ಬಾಯಿಮಾತು, ಹಳೆಯ ಬೀಜದ ಕ್ಯಾಟಲಾಗು, ಗಿಡದ ಮೈಯೊಳಗಿನ ಸಾಕ್ಷ್ಯ. ಇವನ್ನು ಜೋಡಿಸುತ್ತ ಹೋದರೆ ದಾರಿ ಕ್ಯಾಲಿಫೋರ್ನಿಯಾವನ್ನೂ ದಾಟಿ, ಯಾವ ಕ್ಯಾಟಲಾಗಿನಲ್ಲೂ ಹೆಸರು ಬಾರದ ರೈತರ ಹೊಲಗಳಿಗೆ ಹೋಗಿ ಮುಟ್ಟುತ್ತದೆ.

ಸ್ಕಂಕ್‌ನ ಹಿಂದೆ ಮೂರು ನಾಟಿ ತಳಿಗಳಿವೆ ಎಂಬುದನ್ನು ತಳಿಗಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಒಂದು, ಮೆಕ್ಸಿಕೋದ ಗೆರೆರೋ ಸೀಮೆಯ ‘ಅಕಪುಲ್ಕೊ ಗೋಲ್ಡ್’. ಇನ್ನೊಂದು ‘ಕೊಲಂಬಿಯನ್ ಗೋಲ್ಡ್’. ಕೆರಿಬಿಯನ್ ಕಡಲಿನ ದಂಡೆಯಲ್ಲೇ ಹಿಮಶಿಖರಗಳಾಗಿ ಏಳುವ ಸಾಂತಾ ಮಾರ್ತಾ ಪರ್ವತದ ಇಳಿಜಾರಿನದು. ಇವೆರಡೂ ಆಳೆತ್ತರ ಮೀರಿ ಬೆಳೆಯುವ, ಎಲೆ ಸಪೂರವಾದ, ಹೂವು ಒಣಗಿದಾಗ ಹೊಂಬಣ್ಣಕ್ಕೆ ತಿರುಗುವ ಗಿಡಗಳು. ಮೂರನೆಯದು ಅಫ್ಘಾನಿಸ್ತಾನದ್ದು. ಗಿಡ್ಡ, ಪೊದೆಯಂತೆ ಒತ್ತಾದ, ಅಗಲ ಎಲೆಯ, ಮುಟ್ಟಿದರೆ ಕೈಗೆ ಅಂಟುವಷ್ಟು ರಾಳ ಸುರಿಸುವ ಗಿಡ. ಹಿಂದೂಕುಶದ ಆಚೀಚೆ ಚರಸ್ ತೆಗೆಯಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದು. ರಷ್ಯದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ 1924ರ ತಮ್ಮ ಅಫ್ಘಾನ್ ಯಾತ್ರೆಯಲ್ಲಿ ಆ ನಾಡಿನ ಗಾಂಜಾ ಗಿಡವನ್ನು ಕಂಡು ವಿವರಿಸಿದ್ದರು. ಅದರ ಬೀಜ ಪಶ್ಚಿಮಕ್ಕೆ ಹೋದದ್ದು 1970ರ ಆಸುಪಾಸಿನಲ್ಲಿ, ಇಸ್ತಾಂಬುಲ್‌ನಿಂದ ಕಾಬೂಲ್ ಹಾದು ಗೋವೆ, ಕಠ್ಮಂಡುವಿನತ್ತ ಬಸ್ಸು, ವ್ಯಾನುಗಳಲ್ಲಿ ಬರುತ್ತಿದ್ದ ಹಿಪ್ಪಿಗಳ ಜೋಳಿಗೆಯಲ್ಲಿ.

ಈ ಮೂರನ್ನು ಬೆರೆಸುವ ಅಗತ್ಯ ಯಾಕೆ ಬಂತು? ಉತ್ತರ ಸೂರ್ಯನಲ್ಲಿದೆ. ನಮ್ಮ ಕಡೆಯ ಹಳೆಯ ಸೊಗಡಿನ ಅವರೆ ಯಾವಾಗ ಬಿತ್ತಿದರೂ ಹಗಲು ಕಿರಿದಾಗುವ ಕಾಲಕ್ಕೇ ಹೂ ಬಿಡುತ್ತದಲ್ಲ, ಗಾಂಜಾ ಗಿಡದ ಸ್ವಭಾವವೂ ಅದೇ. ರಾತ್ರಿ ಉದ್ದವಾಗುತ್ತಿದೆ ಎಂಬ ಸುಳಿವು ಸಿಕ್ಕ ಮೇಲೆಯೇ ಅದು ಮೊಗ್ಗೊಡೆಯುವುದು. ಭೂಮಧ್ಯರೇಖೆಯ ಹತ್ತಿರದ ಕೊಲಂಬಿಯಾದಲ್ಲಿ ಚಳಿಯ ಭಯವಿಲ್ಲ, ಹೂವು ಮಾಗಲು ಮೂರು ತಿಂಗಳು ಹಿಡಿದರೂ ನಡೆಯುತ್ತದೆ. ಅದೇ ಬೀಜವನ್ನು ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹಾಕಿದರೆ ಹೂಗೊಂಚಲು ತುಂಬಿಕೊಳ್ಳುವ ಮುಂಚೆ ಮಳೆ, ಹಿಮ ಬಂದು ಬೆಳೆ ಕೊಳೆಯುತ್ತದೆ. ಅಫ್ಘಾನ್ ಗಿಡ ಹುಟ್ಟಿದ್ದೇ ಬೇಗ ಚಳಿ ಇಳಿಯುವ ಬೆಟ್ಟನಾಡಿನಲ್ಲಿ. ಬೇಗ ಹೂಬಿಟ್ಟು ಬೇಗ ಮುಗಿಸುವುದು ಅದರ ರಕ್ತದಲ್ಲೇ ಇದೆ. ಉಷ್ಣವಲಯದ ಗಿಡದ ಗುಣವನ್ನು ಅಫ್ಘಾನ್ ಗಿಡದ ಆತುರಕ್ಕೆ ಕಟ್ಟಿಹಾಕಿದ್ದೇ ಸ್ಕಂಕ್‌ನ ಗುಟ್ಟು.

ಈ ಪ್ರಯೋಗಕ್ಕೆ ಒತ್ತಡ ತಂದದ್ದು ಸರ್ಕಾರದ ನೀತಿ. ಅಲ್ಲಿಯವರೆಗೆ ಅಮೆರಿಕದವರು ಸೇದುತ್ತಿದ್ದದ್ದು ಹೆಚ್ಚಾಗಿ ಮೆಕ್ಸಿಕೋದಿಂದ ಕದ್ದು ಬರುತ್ತಿದ್ದ ಸರಕು. 1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ನೆರವಿನಿಂದ ಮೆಕ್ಸಿಕೋ ತನ್ನ ಗಾಂಜಾ ಹೊಲಗಳ ಮೇಲೆ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ವಿಮಾನದಿಂದ ಸುರಿಯಿತು. ವಿಷ ಮೆತ್ತಿದ ಸೊಪ್ಪು ಗಡಿ ದಾಟಿ ಬರುತ್ತಿದೆ ಎಂಬ ಸುದ್ದಿ 1978ರಲ್ಲಿ ಹಬ್ಬಿದ್ದೇ ತಡ, ಜನ ಹೆದರಿದರು. ಕ್ಯಾಲಿಫೋರ್ನಿಯಾದ ಗುಡ್ಡಗಾಡುಗಳಲ್ಲಿ ತಾವೇ ಬೆಳೆಯುವವರು ಹೆಚ್ಚಿದರು. ಅವರಿಗೆ ತಮ್ಮ ಹವೆಗೆ ಹೊಂದುವ, ಬೇಗ ಕೊಯ್ಲಿಗೆ ಬರುವ ಬೀಜ ಬೇಕಿತ್ತು.

ಅವರು ಹಿಡಿದ ಬೇಸಾಯ ಪದ್ಧತಿಯ ಹೆಸರು ‘ಸಿನ್ಸೆಮಿಲ್ಲಾ’. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ತಾಗಿದ ಹೆಣ್ಣು ಹೂವು ಬೀಜ ಕಟ್ಟುತ್ತದೆ. ತಾಗದೆ ಉಳಿದದ್ದು ರಾಳ ಸುರಿಸುತ್ತ ದಪ್ಪವಾಗುತ್ತ ಹೋಗುತ್ತದೆ. ಹಾಗಾಗಿ ಗಂಡು ಗಿಡಗಳನ್ನು ಮೊದಲೇ ಕಿತ್ತೆಸೆಯುವುದು. ಇದನ್ನು ಕ್ಯಾಲಿಫೋರ್ನಿಯಾದ ಕಾಣಿಕೆಯೆಂದು ಹೇಳುವುದು ವಾಡಿಕೆ, ಆದರೆ ಸರಿಯಲ್ಲ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ್ದ ಭಾರತೀಯ ಗಾಂಜಾ ಆಯೋಗದ ವರದಿ ಬಂಗಾಳದ ನೌಗಾಂವ್ ಸೀಮೆಯ (ಈಗ ಬಾಂಗ್ಲಾದೇಶದಲ್ಲಿದೆ) ಗಾಂಜಾ ಬೇಸಾಯವನ್ನು ವಿವರಿಸುತ್ತದೆ. ಅಲ್ಲಿ ‘ಪೊದ್ದಾರ’ ಎಂಬ ಪರಿಣತ ಸಾಲುಸಾಲಾಗಿ ನಡೆದು, ಹೂವು ಅರಳುವ ಮುಂಚೆಯೇ ಗಂಡು ಗಿಡ ಗುರುತಿಸಿ ಮುರಿದುಹಾಕುತ್ತಿದ್ದ. ಅವನಿಗೆ ‘ಗಾಂಜಾ ವೈದ್ಯ’ ಎಂಬ ಹೆಸರೂ ಇತ್ತು. ಬರಿಗಣ್ಣಿನಲ್ಲಿ ಮೊಗ್ಗಿನ ಲಿಂಗ ಹೇಳುವ ಆ ಕಸುಬುದಾರರಿಗೆ ಈ ಗಿಡದ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕಿತ್ತು.

ಕ್ಯಾಲಿಫೋರ್ನಿಯಾದ ‘ಸೇಕ್ರೆಡ್ ಸೀಡ್ಸ್’ ಎಂಬ ಬಳಗ ಮೂರು ಸೀಮೆಗಳ ಗಿಡಗಳನ್ನು ಬೆರೆಸಿ ಸ್ಕಂಕ್ ತಳಿಯನ್ನು ರೂಪಿಸಿತು. ಅದರೊಂದಿಗೆ ಬಿಡಿಸಲಾಗದಂತೆ ಸೇರಿಕೊಂಡಿರುವ ಹೆಸರು ಡೇವಿಡ್ ವಾಟ್ಸನ್. ‘ಸ್ಕಂಕ್‌ಮ್ಯಾನ್ ಸ್ಯಾಮ್’ ಎಂದೇ ಪ್ರಸಿದ್ಧ. ಬೆರೆಸುವುದು ಇಲ್ಲಿ ಸುಲಭದ ಕೆಲಸ. ಕಷ್ಟವಿರುವುದು ಮುಂದಿನದರಲ್ಲಿ. ಸಂಕರದ ಮರಿಗಳು ಒಂದೊಂದು ಒಂದೊಂದು ರೀತಿ ಇರುತ್ತವೆ: ಒಂದು ಅಜ್ಜಿಯಂತೆ ಉದ್ದ, ಇನ್ನೊಂದು ತಾತನಂತೆ ಗಿಡ್ಡ. ತಲೆಮಾರಿನ ಮೇಲೆ ತಲೆಮಾರು ನೂರಾರು ಗಿಡ ಬೆಳೆದು, ಬೇಕಾದವನ್ನಷ್ಟೇ ಉಳಿಸಿ, ಬಿತ್ತಿದರೆ ತಕ್ಕಮಟ್ಟಿಗೆ ಒಂದೇ ತೆರನಾಗಿ ಹುಟ್ಟುವ ಬೀಜ ಮಾಡಿದ್ದು ಅವರ ನಿಜವಾದ ಸಾಧನೆ. ಅದನ್ನು ಅವರು ಪೊಲೀಸರ ಕಣ್ಣು ತಪ್ಪಿಸಿ ಮಾಡಬೇಕಾಯಿತು ಎಂಬುದನ್ನು ನೆನೆದರೆ ತಾಳ್ಮೆಯ ಪ್ರಮಾಣ ಗೊತ್ತಾಗುತ್ತದೆ.

1983ರಲ್ಲಿ ಕ್ಯಾಲಿಫೋರ್ನಿಯಾ ಹೆಲಿಕಾಪ್ಟರ್‌ಗಳನ್ನಿಳಿಸಿ ಗಾಂಜಾ ಹೊಲಗಳ ಬೇಟೆ ಶುರುಮಾಡಿತು. ಅತ್ತ ನೆದರ್ಲೆಂಡ್ಸ್ 1976ರಲ್ಲೇ ಕಾನೂನು ತಿದ್ದಿ, ಅಲ್ಪ ಪ್ರಮಾಣದ ಗಾಂಜಾವನ್ನು ಕಂಡೂ ಕಾಣದಂತೆ ಬಿಡುತ್ತಿತ್ತು. ಎಂಬತ್ತರ ದಶಕದ ಮಧ್ಯಭಾಗದಲ್ಲಿ ವಾಟ್ಸನ್ ಬೀಜದ ಸಂಗ್ರಹದೊಂದಿಗೆ ಆಮ್‌ಸ್ಟರ್‌ಡ್ಯಾಮ್ ಸೇರಿ ‘ಕಲ್ಟಿವೇಟರ್ಸ್ ಚಾಯ್ಸ್’ ಹೆಸರಿನಲ್ಲಿ ಮಾರಾಟಕ್ಕಿಳಿದರು. ಆಸ್ಟ್ರೇಲಿಯಾದಿಂದ ಬಂದಿದ್ದ ನೆವಿಲ್ ಶೋನ್‌ಮೇಕರ್ಸ್ ಆಗಲೇ ‘ದ ಸೀಡ್ ಬ್ಯಾಂಕ್’ ತೆರೆದು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅಂಚೆಯಲ್ಲಿ ಬೀಜ ಕಳಿಸುತ್ತಿದ್ದರು. ಹೂವು, ಟ್ಯುಲಿಪ್ ಗಡ್ಡೆ ಬೆಳೆದು ಪಳಗಿದ್ದ ಡಚ್ಚರ ಗಾಜಿನ ಮನೆ, ದೀಪಗಳು ಸ್ಕಂಕ್‌ಗೆ ಹೇಳಿ ಮಾಡಿಸಿದಂತಿದ್ದವು. ಅಮೆರಿಕದ ಮಾದಕವಸ್ತು ಇಲಾಖೆ 1989ರಲ್ಲಿ ಬೀಜ ಮಾರುವವರ, ಒಳಾಂಗಣ ಬೆಳೆಗಾರರ ಮೇಲೆ ‘ಆಪರೇಷನ್ ಗ್ರೀನ್ ಮರ್ಚೆಂಟ್’ ನಡೆಸಿತು. ಮರುವರ್ಷ ಶೋನ್‌ಮೇಕರ್ಸ್ ಆಸ್ಟ್ರೇಲಿಯಾದಲ್ಲಿ ಬಂಧಿತರಾದರು. ಅವರ ಬೀಜ ಸಂಗ್ರಹ ಬೆನ್ ಡ್ರಾಂಕರ್ಸ್ ಅವರ ‘ಸೆನ್ಸಿ ಸೀಡ್ಸ್’ ಪಾಲಾಯಿತು. ಇತ್ತ ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಹೂವನ್ನೂ ಚರಸ್ಸನ್ನೂ ನಿಷೇಧಿಸಿತು. ಹೂತುದಿಯಿಲ್ಲದ ಬರೀ ಎಲೆ, ಬೀಜವನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿತು. ನಮ್ಮ ಭಂಗಿಸೊಪ್ಪು ಆ ಸಂದಿಯಲ್ಲಿ ಉಳಿದುಕೊಂಡಿದೆ.

ದಕ್ಷಿಣ ಭಾರತಕ್ಕೂ ಈ ಕಥೆಯಲ್ಲಿ ಒಂದು ಎಳೆಯಿದೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಸೀಮೆಯಲ್ಲಿ ಹುಟ್ಟಿದ, ವಾಟ್ಸನ್ ಮೂಲಕವೇ ಯುರೋಪಿಗೆ ಹೋದ ‘ಹೇಜ್’ ಎಂಬ ತಳಿಯಲ್ಲಿ ಕೊಲಂಬಿಯಾ, ಮೆಕ್ಸಿಕೋ, ಥಾಯ್ಲೆಂಡ್ ಜತೆಗೆ ದಕ್ಷಿಣ ಭಾರತದ ಗಿಡವೂ ಸೇರಿದೆಯೆಂದು ತಳಿಗಾರರು ಹೇಳುತ್ತ ಬಂದಿದ್ದಾರೆ. ನಮ್ಮ ಗಿಡದ ನಂಟು ಇನ್ನೂ ಹಿಂದಿನದು. 1785ರಲ್ಲಿ ಫ್ರಾನ್ಸಿನ ಲಾಮಾರ್ಕ್ ‘ಕ್ಯಾನಬಿಸ್ ಇಂಡಿಕಾ’ ಎಂಬ ಪ್ರಭೇದವನ್ನು ಹೆಸರಿಸಿದ್ದು ಭಾರತದಿಂದ ಪಿಯೆರ್ ಸೊನೆರಾ ಕಳಿಸಿದ್ದ ಒಣ ಮಾದರಿಗಳನ್ನು ನೋಡಿ. ಅವು ಸಪೂರ ಎಲೆಯ ಗಿಡಗಳು. ಇಂದಿನ ಅಂಗಡಿಗಳಲ್ಲಿ ‘ಇಂಡಿಕಾ’ ಅಂದರೆ ಅಫ್ಘಾನಿಸ್ತಾನದ ಅಗಲ ಎಲೆಯದು. ಹೀಗಾಗಿ ಹಳೆಯ ಪುಸ್ತಕ ಹಿಡಿದು ವಂಶ ಹುಡುಕುವವರು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ.

ಪ್ರಯೋಗಾಲಯ ದಾರಿ ತೋರಿಸೀತೇ? 2015ರಲ್ಲಿ ಕೆನಡಾದ ವಿಜ್ಞಾನಿಗಳು 81 ಗಾಂಜಾ, 43 ಹೆಂಪ್ (ನಾರು, ಬೀಜಕ್ಕೆಂದು ಬೆಳೆಯುವ ಬಗೆ) ಮಾದರಿಗಳ ವಂಶವಾಹಿ ಪರೀಕ್ಷಿಸಿದರು. ಒಂದೇ ತಳಿಹೆಸರಿನ ಮಾದರಿಗಳು ಎಷ್ಟೋ ಸಲ ಪರಸ್ಪರರಿಗಿಂತ ಬೇರೆ ಹೆಸರಿನವಕ್ಕೇ ಹತ್ತಿರದ ನೆಂಟರಾಗಿದ್ದವು. 2019ರಲ್ಲಿ ಅಮೆರಿಕದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ 30 ತಳಿಗಳ 122 ಮಾದರಿ ನೋಡಿದಾಗ 27 ತಳಿಗಳಲ್ಲಿ ಕನಿಷ್ಠ ಒಂದಾದರೂ ಹೊರಗಿನ ಮಾದರಿ ಸಿಕ್ಕಿತು. ಹೆಸರಿಗೆ ಕಾನೂನಿನ ಕಾವಲಿಲ್ಲದ ಮಾರುಕಟ್ಟೆಯಲ್ಲಿ ಇದು ಅಚ್ಚರಿಯಲ್ಲ. ಕೊಳ್ಳುವವರಿಗೆ, ಅದರಲ್ಲೂ ಔಷಧವೆಂದು ಕೊಳ್ಳುವ ರೋಗಿಗಳಿಗೆ ಇದು ನೇರ ಮೋಸ. 110 ಗಿಡಗಳ ಪೂರ್ಣ ಜೀನೋಮ್ ಓದಿದ 2021ರ ಅಧ್ಯಯನವೊಂದು ಮೂಲವನ್ನು ಇನ್ನೂ ದೂರಕ್ಕೆ ಒಯ್ದಿತು: ಈ ಗಿಡವನ್ನು ಮನುಷ್ಯ ಪಳಗಿಸಿದ್ದು ಸುಮಾರು 12,000 ವರ್ಷಗಳ ಹಿಂದೆ, ಪೂರ್ವ ಏಷ್ಯಾದಲ್ಲಿ.

ಘಾಟಿನ ಒಗಟೂ ಬಿಡಿಸಿಕೊಂಡದ್ದು ಅದೇ ವರ್ಷ. ಗಾಂಜಾದ ವಾಸನೆಗೆ ಟರ್ಪೀನ್‌ ಎಂಬ ಪರಿಮಳದ ಸಂಯುಕ್ತಗಳು ಕಾರಣವೆಂದು ನಂಬಿದ್ದವರಿಗೆ, ಸ್ಕಂಕ್ ಪ್ರಾಣಿಯ ನಾತ ಹೋಲುವ ಭಾಗ ಬರುವುದು ಗಂಧಕವಿರುವ ಕೆಲವು ಸಂಯುಕ್ತಗಳಿಂದ ಎಂದು ಅಮೆರಿಕದ ರಸಾಯನ ವಿಜ್ಞಾನಿಗಳು ತೋರಿಸಿಕೊಟ್ಟರು. ಬಿಸಿಲಿಗಿಟ್ಟ ಬಿಯರ್ ಕೆಟ್ಟಾಗ ಹೊಮ್ಮುವುದೂ ಅದರಲ್ಲೊಂದು. ಅತ್ಯಲ್ಪ ಪ್ರಮಾಣ ಸಾಕು, ಮೂಗು ಹಿಡಿಯುತ್ತದೆ. ಹಳೆಯ ಬೆಳೆಗಾರರ ಕೊರಗು ಬೇರೆಯೇ. ಈಗ ಸ್ಕಂಕ್ ಹೆಸರಿನಲ್ಲಿ ಸಿಗುವ ಬೀಜದಲ್ಲಿ ಆ ಕಟು ನಾತವಿಲ್ಲ, ಸಿಹಿ ಪರಿಮಳವಿದೆ ಎನ್ನುತ್ತಾರೆ ಅವರು. ‘ರೋಡ್‌ಕಿಲ್ ಸ್ಕಂಕ್’ ಎಂದು ಅವರು ಕರೆಯುವ ಆ ಹಳೆಯ ಗಿಡವನ್ನು ಇಂದಿಗೂ ಹುಡುಕುತ್ತಿದ್ದಾರೆ.

ಆಯ್ಕೆಯಲ್ಲಿ ಕಳೆದುಹೋದದ್ದು ವಾಸನೆಯೊಂದೇ ಅಲ್ಲ. ನಶೆ ಏರಿಸುವ ಟಿಎಚ್‌ಸಿ ಹೆಚ್ಚಿಸುವ ಹಟದಲ್ಲಿ, ಅದರ ಉಪಟಳ ತಗ್ಗಿಸಬಲ್ಲದೆಂದು ಕೆಲವು ಸಂಶೋಧಕರು ಭಾವಿಸುವ ಸಿಬಿಡಿ ಅಂಶ ಬಹುತೇಕ ಅಳಿಸಿಹೋಯಿತು. ಬ್ರಿಟನ್ನಿನಲ್ಲಿ 2016ರಲ್ಲಿ ಪೊಲೀಸರು ಹಿಡಿದ ಗಾಂಜಾ ಮಾದರಿಗಳನ್ನು ಪರೀಕ್ಷಿಸಿದಾಗ 94 ಪ್ರತಿಶತ ಬೀಜರಹಿತ ತೀಕ್ಷ್ಣ ಬಗೆಯದೇ ಆಗಿತ್ತು; ಅದರ ಟಿಎಚ್‌ಸಿ ಸುಮಾರು 14 ಪ್ರತಿಶತ. ದಕ್ಷಿಣ ಲಂಡನ್ನಿನಲ್ಲಿ ಮಾರ್ತಾ ಡಿ ಫೋರ್ಟಿ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಈ ಬಗೆಯ ಗಾಂಜಾ ಸೇದುವವರಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಕಾಣಿಸಿಕೊಳ್ಳುವ ಸಂಭವ, ಗಾಂಜಾ ಮುಟ್ಟದವರಿಗಿಂತ ಐದು ಪಟ್ಟು ಹೆಚ್ಚಿತ್ತು. ಗಾಂಜಾ ನಿರಪಾಯಕಾರಿ ಸೊಪ್ಪು ಎಂದು ಹದಿಹರೆಯದವರ ಮುಂದೆ ಸಲೀಸಾಗಿ ಹೇಳುವವರು ಈ ಅಂಕಿಯನ್ನು ಕಡೆಗಣಿಸುವಂತಿಲ್ಲ. ಆ ಹದಿಹರೆಯದವರ ಅಜ್ಜಂದಿರು ಕಂಡ ಗಿಡ ಇದಲ್ಲ.

ತಳಿ ಆರಿಸುವ ಅದೇ ಕಸುಬು ಔಷಧಕ್ಕೂ ನೆರವಾಯಿತು. ವಾಟ್ಸನ್ ಮತ್ತು ಸಸ್ಯ ಸಂಶೋಧಕ ರಾಬರ್ಟ್ ಕ್ಲಾರ್ಕ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಟ್ಟಿದ ‘ಹೋರ್ಟಾಫಾರ್ಮ್’ ಸಂಸ್ಥೆಯ ತಳಿಗಳನ್ನು 1998ರಲ್ಲಿ ಬ್ರಿಟನ್ನಿನ ಜಿಡಬ್ಲ್ಯು ಫಾರ್ಮಾಸ್ಯುಟಿಕಲ್ಸ್ ಪಡೆದುಕೊಂಡಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಸ್ನಾಯು ಬಿಗಿತಕ್ಕೆ ಆ ಕಂಪನಿ ತಂದ ‘ಸ್ಯಾಟಿವೆಕ್ಸ್’ ಬ್ರಿಟನ್ನಿನಲ್ಲಿ 2010ರಲ್ಲಿ ಅನುಮತಿ ಪಡೆಯಿತು. ಮಕ್ಕಳನ್ನು ಕಾಡುವ ಡ್ರಾವೆಟ್, ಲೆನಾಕ್ಸ್-ಗಾಸ್ಟೋ ಎಂಬ ಅಪರೂಪದ ಅಪಸ್ಮಾರಗಳಿಗೆ ಸಿಬಿಡಿ ಔಷಧ ‘ಎಪಿಡಿಯೊಲೆಕ್ಸ್’ಗೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು.

ಬೀಜ ಕೊಟ್ಟ ಬೆಟ್ಟದ ರೈತರಿಗೆ ಇದರಲ್ಲಿ ಏನು ಸಿಕ್ಕಿತು? ಲೆಕ್ಕದಲ್ಲಿ ಏನೂ ಕಾಣುವುದಿಲ್ಲ. ಬದಲಿಗೆ ಬೀಜದ ಹರಿವು ಹಿಂದಕ್ಕೆ ತಿರುಗಿತು. ಯುರೋಪಿನ ಸಂಕರ ಬೀಜಗಳು ಹಳೆಯ ಗಾಂಜಾ ನಾಡುಗಳಿಗೆ ನುಗ್ಗಿದವು. ಅದರ ಪರಿಣಾಮ ಸ್ಪಷ್ಟವಾಗಿ ಕಾಣುವುದು ಮೊರಾಕ್ಕೊದ ರಿಫ್ ಪರ್ವತಗಳಲ್ಲಿ. ಅಲ್ಲಿಯ ನಾಟಿ ತಳಿ ‘ಬೆಲ್ದಿಯಾ’ ಮಳೆಯ ನೀರಿನಲ್ಲೇ ಬೆಳೆಯುವಂಥದ್ದು. 2000ದ ನಂತರ ‘ಖರ್ದಾಲಾ’, ಬಳಿಕ ‘ಕ್ರಿಟಿಕಲ್’ ಎಂಬ ಹೊರಗಿನ ಸಂಕರಗಳು ಬಂದವು. ಇಳುವರಿ ಜಾಸ್ತಿ, ರಾಳ ಜಾಸ್ತಿ, ನೀರಿನ ದಾಹವೂ ಜಾಸ್ತಿ. ಬೇಸಿಗೆಯಲ್ಲಿ ಬೆಟ್ಟದ ನೆತ್ತಿಗೆ ಪೈಪು ಎಳೆದು, ಬಾವಿ ಕೊರೆದು ಬೆಳೆಸಬೇಕಾಯಿತು, ಅಂತರ್ಜಲ ಕುಸಿಯಿತು. ಒಂದು ತಲೆಮಾರಿನೊಳಗೆ ಬೆಲ್ದಿಯಾ ಬಹಳಷ್ಟು ಹೊಲಗಳಿಂದ ಮಾಯವಾಯಿತು. ಅಳಿದ ನಾಟಿ ತಳಿಯನ್ನು ಯಾವ ಕಂಪನಿಯೂ ಮತ್ತೆ ಮಾಡಿಕೊಡಲಾರದು. ಮುಂದಿನ ರೋಗವನ್ನೋ ಬರವನ್ನೋ ತಡೆಯಬಲ್ಲ ಗುಣ ಅದರಲ್ಲೇ ಇದ್ದೀತು.

2021ರಲ್ಲಿ ಮೊರಾಕ್ಕೊ ಔಷಧ ಮತ್ತು ಕೈಗಾರಿಕೆಗೆಂದು ಗಾಂಜಾ ಬೇಸಾಯವನ್ನು ಕಾನೂನಿನೊಳಗೆ ತಂದಿತು. 2024ರ ಆಗಸ್ಟ್‌ನಲ್ಲಿ ದೊರೆ ಆರನೇ ಮೊಹಮ್ಮದ್, ಗಾಂಜಾ ಬೆಳೆದ ಮೊಕದ್ದಮೆಗಳಲ್ಲಿ ಸಿಲುಕಿದ್ದ 4,800ಕ್ಕೂ ಹೆಚ್ಚು ರೈತರಿಗೆ ಕ್ಷಮಾದಾನ ನೀಡಿದರು. ಅದೇ ವರ್ಷ ಪರವಾನಗಿ ಪಡೆದ ಸಹಕಾರ ಸಂಘಗಳ ರೈತರು ರಿಫ್‌ನ ಇಳಿಜಾರುಗಳಲ್ಲಿ, ಈ ಬಾರಿ ಸರ್ಕಾರದ ಒಪ್ಪಿಗೆಯೊಂದಿಗೆ, ಬೆಲ್ದಿಯಾ ಬಿತ್ತಿದರು.